ಹಾಂಗ್‌ಝೌನ ಹಳೇ ಔಷಧಿ ಅಂಗಡಿ

ಚೀನಾಕ್ಕೆ ಪ್ಯಾಕೇಜ್ ಟೂರಲ್ಲಿ ಹೋಗೋರು ದುಡ್ಡು ಕಟ್ಟೋ ಮೊದಲೇ ಕೇಳ್ಕೊಳ್ಳಿ, ದಾರೀಲಿ ಎಷ್ಟು ಅಂಗಡಿಗೆ ನಿಲ್ಲಿಸ್ತೀರಾ ಅಂತ. ನಮ್ಮನ್ನ ಶಾಂಘೈನಲ್ಲಿ "ಫ್ರೀ ನಾಡಿ ಪರೀಕ್ಷೆ" ಅಂತ ಒಂದು ಕಡೆ ಇಳಿಸಿದ್ರು, ಬಿಳಿ ಕೋಟಿನವರೊಬ್ರು ಅಪ್ಪನ ಕೈ ಹಿಡಿದು ಅರ್ಧ ನಿಮಿಷದಲ್ಲಿ ಕಿಡ್ನಿ ವೀಕು ಅಂದ್ರು, ಪುಡಿ ಪೊಟ್ಟಣ ತಗೊಳ್ಳೋವರೆಗೂ ಏಳೋಕೇ ಬಿಡ್ಲಿಲ್ಲ. ಅವತ್ತು ರಾತ್ರಿ ಅಪ್ಪಂಗೆ ನಿದ್ದೆ ಇಲ್ಲ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಹಾಂಗ್‌ಝೌನ ವೆಸ್ಟ್ ಲೇಕ್ ಚೆನ್ನಾಗಿದೆ, ಜನ ಜಾಸ್ತಿ, ಅಷ್ಟೇ. ಮನಸ್ಸಲ್ಲಿ ಉಳಿದಿದ್ದು ಹು ಚಿಂಗ್ ಯು ತಾಂಗ್. ಹು ಶ್ಯುಯೆಯಾನ್ ಅನ್ನೋ ದೊಡ್ಡ ವ್ಯಾಪಾರಿ 1874ರಲ್ಲಿ ಶುರು ಮಾಡಿದ ಔಷಧಿ ಅಂಗಡಿ, ಹೊರಗೆ ಎತ್ತರದ ಬಿಳಿ ಗೋಡೆ, ಒಳಗೆ ಮರದ ಕೆತ್ತನೆ, ಸಾಲು ಸಾಲು ಸಣ್ಣ ಡ್ರಾಯರು, ನಮ್ಮ ಗ್ರಂಧಿಗೆ ಅಂಗಡಿನೇ ಅರಮನೆ ಆದಂಗೆ. ಬೇರೆ ಫಲಕ ಎಲ್ಲಾ ಗಿರಾಕಿಗಳ ಕಡೆ ಮುಖ ಮಾಡಿವೆ. ಒಂದೇ ಒಂದು ಮಾತ್ರ ಒಳಗಡೆಗೆ, ಕೆಲಸದವರ ಕಣ್ಣಿಗೆ ಬೀಳೋ ಹಾಗೆ: ಮೋಸ ಮಾಡಬೇಡಿ. ಔಷಧಿ ಅಂದ್ರೆ ಜೀವದ ವಿಷಯ ಅಂತ 1878ರಲ್ಲಿ ಹು ಬರೆಸಿ ಹಾಕಿದ್ದು. ಅದರ ಮುಂದೆ ತುಂಬಾ ಹೊತ್ತು ನಿಂತೆ. ಅಲ್ಲೇ ಮ್ಯೂಸಿಯಂನಲ್ಲಿ ಚಿನ್ನದ ಸಟ್ಟುಗ, ಬೆಳ್ಳಿ ಪಾತ್ರೆ ಇದೆ, ಜೋರು ಜ್ವರಕ್ಕೆ ಕೊಡೋ ಒಂದು ಔಷಧಿ ಕಬ್ಬಿಣ ತಾಮ್ರ ಸೋಕಿದ್ರೆ ಕೆಡುತ್ತೆ ಅಂತ ಅಷ್ಟು ಖರ್ಚು ಮಾಡಿ ಮಾಡಿಸಿದ್ದು!

ಅಪ್ಪಂಗೆ ಗಂಟಲು ಕಟ್ಟಿತ್ತು. ಕೌಂಟರಲ್ಲಿದ್ದ ವಯಸ್ಸಾದ ಹೆಂಗಸಿಗೆ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ಗಾನ್‌ಸಾವ್ ಕೊಡಿ ಅಂದೆ, ಅದು ನಮ್ಮ ಜೇಷ್ಠಮಧುನೇ, ಬೇರೆ ಬೇರುಗಳನ್ನ ಹೊಂದಿಸುತ್ತೆ ಅಂತ ಅವರ ಎಷ್ಟೋ ಕಷಾಯಕ್ಕೆ ಹಾಕ್ತಾರೆ. ಡ್ರಾಯರ್ ಎಳೆದವರು ನಿಲ್ಲಿಸಿ ಅಪ್ಪನ ವಯಸ್ಸು ಕೇಳಿದ್ರು. ಏನಾದ್ರೂ ಮಾತ್ರೆ ತಗೋತಾರಾ ಅಂದ್ರು. ಬಿಪಿದು ಅಂದೆ. ಡ್ರಾಯರ್ ಮುಚ್ಚಿದ್ರು.

"ಬೇಡ. ದಿನಾ ತಗೊಂಡ್ರೆ ಬಿಪಿ ಏರುತ್ತೆ, ಮೈಯಲ್ಲಿ ನೀರು ನಿಲ್ಲುತ್ತೆ."

ಅಪ್ಪ ತಡೀಲಾರದೆ ಬ್ಯಾಗಿಂದ ಆ ಪೊಟ್ಟಣ ತೆಗೆದು ತೋರಿಸಿದ್ರು. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಒಳಗೆ ಏನಿದೆ ಅಂತ ಬರೆದೇ ಇಲ್ಲ, ಇದನ್ನ ಕುಡೀಬೇಡಿ, ಕಿಡ್ನಿ ಬಗ್ಗೆ ಭಯ ಇದ್ರೆ ಊರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಅಂದ್ರು. ಅಪ್ಪನ ಮುಖ ಆಗ ಸಡಿಲ ಆಯ್ತು.

ಕೊನೆಗೆ ಕೊಟ್ಟಿದ್ದು ಆ ಸೀಮೆಯಲ್ಲೇ ಬೆಳೆಯೋ ಒಣಗಿದ ಬಿಳಿ ಸೇವಂತಿಗೆ. ಒಂದು ಲೋಟ ಬಿಸಿನೀರಿಗೆ ನಾಲ್ಕೈದು ಹೂವು ಸಾಕು, ಆಮೇಲೂ ಗಂಟಲು ಸರಿ ಹೋಗ್ದಿದ್ರೆ ಡಾಕ್ಟರಿಗೆ ತೋರಿಸಿ ಅಂತ ಹೇಳಿ ಮುಂದಿನವರ ಚೀಟಿ ತಗೊಂಡ್ರು.