ಸರಪಳಿ ಕ್ವೆರಿಗೆ ಮಾಕ್ ಹಾಕೋದು

12 ಜೂನ್ 2025, ಗುರುವಾರ

ಪೈಥಾನ್, ಎಸ್‌ಕ್ಯೂಎಲ್‌ಆಲ್ಕೆಮಿ (ಪೈಥಾನ್‌ನಲ್ಲೇ ಡೇಟಾಬೇಸ್ ಕ್ವೆರಿ ಬರೆಯೋಕೆ ಬಳಸೋ ಲೈಬ್ರರಿ). ಗ್ರಾಹಕರ ಕೊನೆಯ ಪಾವತಿ ಹುಡುಕೋ ಕ್ವೆರಿ ಸಾಮಾನ್ಯವಾಗಿ ಒಂದಕ್ಕೊಂದು ಕರೆ ಪೋಣಿಸಿದ ಸರಪಳಿ, ಹೀಗಿರುತ್ತೆ (ಡೆಸ್ಕ್ ಅಂದ್ರೆ ಇಳಿಕೆ ಕ್ರಮ):

ಸೆಷನ್.ಕ್ವೆರಿ(ಪೇಮೆಂಟ್).ಫಿಲ್ಟರ್(ಪೇಮೆಂಟ್.ಯೂಸರ್_ಐಡಿ == 5).ಆರ್ಡರ್_ಬೈ(ಪೇಮೆಂಟ್.ಪೇಯ್ಡ್_ಆನ್.ಡೆಸ್ಕ್()).ಫಸ್ಟ್()

ಡೇಟಾಬೇಸ್ ಇಲ್ಲದೆ ಇದನ್ನು ಟೆಸ್ಟ್ ಮಾಡೋಕೆ ಎಲ್ಲರೂ ಮೊದಲು ಕೈಹಾಕೋದು ಮ್ಯಾಜಿಕ್‌ಮಾಕ್‌ಗೆ, ಅಂದ್ರೆ ನಿಜವಾದ ವಸ್ತುವಿನ ಜಾಗದಲ್ಲಿ ನಿಲ್ಲೋ ನಕಲಿ ವಸ್ತುವಿಗೆ (ಮಾಕ್). ಪ್ರತಿ ಕೊಂಡಿಗೂ ಒಂದೊಂದು ರಿಟರ್ನ್_ವ್ಯಾಲ್ಯೂ (ಕರೆದಾಗ ವಾಪಸ್ ಕೊಡಬೇಕಾದ್ದು) ಕಟ್ಟಿ, ಕೊನೆಯ ಫಸ್ಟ್‌ಗೆ ನಕಲಿ ಪಾವತಿ ಕೊಡಬೇಕು. ಸಾಲು ಉದ್ದ ಅಂತ ಕೆಲವರು ಸೆಟಪ್‌ನಲ್ಲೇ ಸೆಷನ್.ಕ್ವೆರಿ().ಫಿಲ್ಟರ್() ಅಂತ ಖಾಲಿ ಆವರಣ ಹಾಕಿ ಬರೀತಾರೆ. ನಡೆಯುತ್ತೆ, ಯಾಕಂದ್ರೆ ಆರ್ಗ್ಯುಮೆಂಟ್ ಯಾವುದೇ ಇರಲಿ, ಮಾಕ್ ಕೊಡೋದು ಅದೇ ವಸ್ತುವನ್ನ. ಆದ್ರೆ ಆ ಸೆಟಪ್ ಕೂಡ ಒಂದು ಕರೆ ಅಂತಲೇ ದಾಖಲಾಗುತ್ತೆ. ಮುಂದೆ ‘ಒಂದೇ ಸಲ ಕರೆದಿದೆಯಾ’ ಅಂತ ನೋಡೋ ಅಸರ್ಟ್_ಕಾಲ್ಡ್_ಒನ್ಸ್ ಹಾಕಿದರೆ ‘2 ಸಲ ಕರೆದಿದೆ’ ಅಂತ ಫೇಲ್.

ಇದಾದರೂ ಗೊತ್ತಾಗೋ ತೊಂದರೆ. ಗೊತ್ತಾಗದೆ ಕೆಡಿಸೋದು ಬೇರೆ. ಯಾರೋ ಫಿಲ್ಟರ್ ತೆಗೆದು ಫಿಲ್ಟರ್_ಬೈ ಮಾಡ್ತಾರೆ. ಕಟ್ಟಿದ್ದ ಸರಪಳಿ ಅಲ್ಲಿಗೆ ತಪ್ಪಿತು, ಆದರೂ ಮಾಕ್ ತಕರಾರು ಮಾಡಲ್ಲ. ಸುಮ್ಮನೆ ಹೊಸದೊಂದು ಮ್ಯಾಜಿಕ್‌ಮಾಕ್ ಕೊಡುತ್ತೆ. ಅದು ಯಾವಾಗಲೂ ‘ಟ್ರೂ’, ಹಾಗಾಗಿ ‘ಇಫ್ ಪೇಮೆಂಟ್’ ದಾಟುತ್ತೆ. ಮೊತ್ತಕ್ಕೆ ಇಂಟ್() ಹಾಕಿದ್ದರೆ ಸಿಗೋದು 1. ಅಂದ್ರೆ ಪಾವತಿ ಒಂದು ರೂಪಾಯಿ ಅಂತ ಲೆಕ್ಕ ಮುಂದೆ ಹೋಗುತ್ತೆ, ಟೆಸ್ಟ್ ನೋಡೋದು ಬರೀ ಸ್ಟೇಟಸ್ ಆದ್ರೆ ಹಸಿರು, ಅಂದ್ರೆ ಪಾಸ್. ಅದೇ ನಡುವೆ ನಿರುಪದ್ರವಿ ಲಿಮಿಟ್(1) ಸೇರಿಸಿದರೆ, ಫಲಿತಾಂಶ ಬದಲಾಗದಿದ್ದರೂ, ಮೊತ್ತ ಸರಿಯಾಗಿ ನೋಡೋ ಟೆಸ್ಟ್ ಮುರಿಯುತ್ತೆ.

ಹಳೆ ಕೋಡ್, ಮಾಕ್ ಬಿಟ್ಟರೆ ಗತಿಯಿಲ್ಲ ಅನ್ನೋದಾದ್ರೆ ಕ್ರಿಯೇಟ್_ಆಟೋಸ್ಪೆಕ್(ಕ್ವೆರಿ, ಇನ್‌ಸ್ಟನ್ಸ್=ಟ್ರೂ) ಬಳಸಿ (ನಿಜವಾದ ಕ್ವೆರಿಯಲ್ಲಿರೋ ಮೆಥಡ್‌ಗಳನ್ನಷ್ಟೇ ಒಪ್ಪೋ ಮಾಕ್ ಇದು), ಫಿಲ್ಟರ್ ಮತ್ತು ಆರ್ಡರ್_ಬೈ ಎರಡರ ರಿಟರ್ನ್_ವ್ಯಾಲ್ಯೂಗೂ ಆ ಮಾಕ್ ಅನ್ನೇ ಕೊಡಿ. ಕೊಂಡಿಗಳ ಕ್ರಮ ಬದಲಾದರೂ ನಡೆಯುತ್ತೆ, ಮೆಥಡ್ ಹೆಸರು ತಪ್ಪಿದರೆ ಆಟ್ರಿಬ್ಯೂಟ್‌ಎರರ್ ಬರುತ್ತೆ. ಜಾವಾಸ್ಕ್ರಿಪ್ಟ್‌ನ ಟೆಸ್ಟ್ ಸಾಧನ ಜೆಸ್ಟ್‌ನಲ್ಲಿ ಮಾಕ್‌ರಿಟರ್ನ್‌ದಿಸ್ ಮಾಡೋದೂ ಹೀಗೆ ಅದೇ ವಸ್ತುವನ್ನ ವಾಪಸ್ ಕೊಡೋ ಕೆಲಸವನ್ನೇ. ಆದ್ರೆ ಫಿಲ್ಟರನ್ನೇ ಯಾರಾದರೂ ಅಳಿಸಿದರೆ ಈ ಮಾಕ್‌ಗೆ ತಿಳಿಯಲ್ಲ; ಒಬ್ಬರ ಪಾವತಿ ಇನ್ನೊಬ್ಬರ ಪರದೆ ಮೇಲೆ ಬಂದಾಗಲೇ ತಿಳಿಯೋದು.

ಹಾಗಾದ್ರೆ ಫಿಲ್ಟರ್‌ನ ಆರ್ಗ್ಯುಮೆಂಟ್ ಪರೀಕ್ಷಿಸೋಣ ಅಂತ ಅಸರ್ಟ್_ಕಾಲ್ಡ್_ಒನ್ಸ್_ವಿತ್(ಪೇಮೆಂಟ್.ಯೂಸರ್_ಐಡಿ == 5) ಬರೆದರೆ, ಕೋಡ್ ಸರಿ ಇದ್ದರೂ ಫೇಲ್. ಇಲ್ಲಿ == ಹೋಲಿಸಲ್ಲ, ಪ್ರತಿ ಸಲ ಹೊಸ ಎಕ್ಸ್‌ಪ್ರೆಶನ್ ಹುಟ್ಟಿಸುತ್ತೆ; ಎರಡು ಬೇರೆ ಎಕ್ಸ್‌ಪ್ರೆಶನ್ ಎಂದೂ ಸಮ ಆಗಲ್ಲ. ಮಾಕ್ ದಾಖಲಿಸಿಟ್ಟ ಕಾಲ್_ಆರ್ಗ್ಸ್‌ನಿಂದ ಎಕ್ಸ್‌ಪ್ರೆಶನ್ ಹೊರತೆಗೆದು ಅದರ ಕಂಪೇರ್() ಕರೆಯಬೇಕು. ಇಷ್ಟೆಲ್ಲಾ ಮಾಡಿದ ಮೇಲೆ ಟೆಸ್ಟ್ ಅನ್ನೋದು ಕೋಡಿನ ಜೆರಾಕ್ಸ್ ಕಾಪಿ.

ನಮ್ಮ ಪಕ್ಷ ಇಷ್ಟೇ: ಇಡೀ ಸರಪಳಿಯನ್ನ ‘ಕೊನೆಯ_ಪಾವತಿ(ಸೆಷನ್, ಯೂಸರ್_ಐಡಿ)’ ಅನ್ನೋ ಒಂದು ಫಂಕ್ಷನ್‌ಗೆ ಸರಿಸಿ. ವ್ಯವಹಾರದ ತರ್ಕದ ಟೆಸ್ಟಿನಲ್ಲಿ ಆ ಫಂಕ್ಷನ್‌ಗೆ ಮಾತ್ರ ಪ್ಯಾಚ್ ಹಾಕಿ (ಟೆಸ್ಟ್ ಮುಗಿಯೋವರೆಗೆ ಅದರ ಜಾಗದಲ್ಲಿ ಮಾಕ್ ಇಡಿ), ಅದೂ ಫಂಕ್ಷನ್ ಹುಟ್ಟಿದ ಮಾಡ್ಯೂಲಿನಲ್ಲಲ್ಲ, ಅದನ್ನು ಇಂಪೋರ್ಟ್ ಮಾಡಿಕೊಂಡು ಬಳಸೋ ಮಾಡ್ಯೂಲಿನಲ್ಲಿ. ಫಂಕ್ಷನ್‌ನ ಒಳಗಿನ ಕ್ವೆರಿಗೆ ನಿಜವಾದ ಡೇಟಾಬೇಸ್ ಬೇಕು: ಇಬ್ಬರು ಗ್ರಾಹಕರು, ಒಬ್ಬೊಬ್ಬರಿಗೆ ಎರಡು ಪಾವತಿ, ಜೊತೆಗೆ ದಿನಾಂಕ ಖಾಲಿ ಇರೋ ಒಂದು ಸಾಲು.

ಆ ಖಾಲಿ ಸಾಲನ್ನ ಮಾತ್ರ ಬಿಡಬೇಡಿ. ಇಳಿಕೆ ಕ್ರಮದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ನಲ್ (ಖಾಲಿ) ಸಾಲುಗಳನ್ನ ಮೊದಲು ಇಡುತ್ತೆ, ಎಸ್‌ಕ್ಯೂಲೈಟ್ ಡೇಟಾಬೇಸ್ ಕೊನೆಗೆ. ಮೆಮೊರಿಯ ಎಸ್‌ಕ್ಯೂಲೈಟ್‌ನಲ್ಲಿ ಪಾಸ್ ಆದ ಇದೇ ಫಸ್ಟ್(), ಪ್ರೊಡಕ್ಷನ್ ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೂ ಕಟ್ಟದ ಬಿಲ್ಲನ್ನ ‘ಕೊನೆಯ ಪಾವತಿ’ ಅಂತ ತಂದುಕೊಡುತ್ತೆ. ಡೆಸ್ಕ್() ಆದ ಮೇಲೆ .ನಲ್ಸ್_ಲಾಸ್ಟ್() ಸೇರಿಸಿ, ಖಾಲಿ ಸಾಲು ಕೊನೆಗೆ ಹೋಗುತ್ತೆ. ಎಸ್‌ಕ್ಯೂಲೈಟ್ 3.30ರಿಂದ ಅಲ್ಲೂ ಇದು ನಡೆಯುತ್ತೆ.