ಬಹುಮಾನದ ತಟ್ಟೆ

ಈ ವರ್ಷದ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ನೆನಪು ಬೇಕಂತೆ. ಫೋನು ಮಾಡಿದ ಹುಡುಗಿ, "ಸರ್, ಕಾರವಾರದ ಬೀಚು, ಕ್ಯಾಂಟೀನು, ಹಾಗೆ ಏನಾದ್ರೂ ಬರೀರಿ" ಎಂದಳು. ಬೀಚಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕ್ಯಾಂಟೀನಿನಲ್ಲಿ ನನ್ನ ಹೆಸರಲ್ಲಿ ಒಂದಿಷ್ಟು ಬಾಕಿ ಉಳಿದಿತ್ತು, ಅದನ್ನು ನಾನೇ ಎತ್ತುವುದು ಬೇಡ. ಒಂದು ಚರ್ಚಾಸ್ಪರ್ಧೆಯ ಬಗ್ಗೆ ಬರೆಯುತ್ತೇನೆ. ಅದರಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ಬರಬಾರದಿತ್ತು.

1992ರ ಆಗಸ್ಟ್. ನಾನು ಆಗ ಬಿ.ಎ. ಎರಡನೇ ವರ್ಷ. ದಿನಾ ಅಂಕೋಲೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅಮದಳ್ಳಿ, ಅರ್ಗಾ, ಬಿಣಗಾ ದಾಟಿ ಕಾರವಾರ ಮುಟ್ಟುವಷ್ಟರಲ್ಲಿ ಮಳೆಗೆ ಅರ್ಧ ಬಸ್ಸು ಒದ್ದೆಯಾಗಿರುತ್ತಿತ್ತು. ಕಿಟಕಿಗೆ ಗಾಜಿನ ಬದಲು ತಗಡು. ಕೊಂಕಣ ರೈಲಿನ ಕೆಲಸ ಆಗಷ್ಟೇ ನಡೆದಿತ್ತು. ಗುಡ್ಡ ಕೊರೆದ ಕೆಂಪು ಮಣ್ಣು ರಸ್ತೆಗೆಲ್ಲ ಹರಿದು ಬರುತ್ತಿತ್ತು.

ಆ ವರ್ಷ 'ಭಾರತ ಬಿಟ್ಟು ತೊಲಗಿ' ಚಳವಳಿಗೆ 50 ವರ್ಷ. ನಮ್ಮ ಇತಿಹಾಸದ ಸರ್ ಚರ್ಚಾಸ್ಪರ್ಧೆ ಇಟ್ಟರು. ವಿಷಯ: 'ಯುದ್ಧಕಾಲದ ಹೋರಾಟಗಳಲ್ಲಿ ಮಾಡಿದ ತ್ಯಾಗ, ತೆತ್ತ ಬೆಲೆಗೆ ತಕ್ಕದ್ದೇ?' ಬೇರೆಯವರಾಗಿದ್ದರೆ 'ಸ್ವಾತಂತ್ರ್ಯ ಹೋರಾಟದಲ್ಲಿ ಯುವಜನರ ಪಾತ್ರ' ಅಂತ ಇಟ್ಟು, ಎಲ್ಲರಿಂದ ಒಂದೇ ಭಾಷಣ ಮಾಡಿಸಿ, ಲಾಡು ಹಂಚಿ ಮುಗಿಸುತ್ತಿದ್ದರು. ಸರ್ ಹಾಗಲ್ಲ. ಎರಡು ಷರತ್ತು ಹಾಕಿದರು. ಪರವೋ ವಿರೋಧವೋ ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಒಂದು ಉದಾಹರಣೆ ಹೊರದೇಶದ್ದು, ಒಂದು ನಮ್ಮ ಜಿಲ್ಲೆಯದ್ದು ಇರಲೇಬೇಕು.

"1942ರಲ್ಲಿ ಯುರೋಪಿನಲ್ಲಿ ನಾಜಿಗಳ ವಿರುದ್ಧ ಹೋರಾಡುವವರಿಗೆ ಬ್ರಿಟಿಷರು ಬಾಂಬು ಕೊಟ್ಟು ಕಳಿಸ್ತಿದ್ರು. ಅದೇ ವರ್ಷ ಅದೇ ಬ್ರಿಟಿಷರು ನಮ್ಮವರನ್ನು ಹಿಂಡಲಗಾ ಜೈಲಿಗೆ ಕಳಿಸ್ತಿದ್ರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ, ಸ್ವಲ್ಪ ತಲೆ ತಿರುಗಲಿ" ಎಂದರು. ಅವರು ಪಾಠ ಮಾಡುತ್ತಿದ್ದ ರೀತಿಯೇ ಅದು.

ನನಗೆ 'ಪರ' ಎಂಬ ಚೀಟಿ ಬಂತು. ನನ್ನ ತರಗತಿಯ ಶಿರಸಿ ಕಡೆಯ ಹುಡುಗಿಗೆ 'ವಿರೋಧ'.

ಒಂದು ವಾರ ಲೈಬ್ರರಿಯಲ್ಲಿ ಕೂತೆ. ಸರ್ ಕೊಟ್ಟ ಪುಸ್ತಕದಲ್ಲಿ, ಯುದ್ಧಕಾಲದಲ್ಲಿ ಜರ್ಮನರ ವಶದಲ್ಲಿದ್ದ ನಾರ್ವೆಯ ಕತೆ ಸಿಕ್ಕಿತು. ಅಲ್ಲಿಯ ವೆಮೋರ್ಕ್ ಎಂಬಲ್ಲಿ ಒಂದು ಕಾರ್ಖಾನೆ. ಅಲ್ಲಿ ಭಾರಜಲ, ಅಂದರೆ ಮಾಮೂಲಿಗಿಂತ ಭಾರವಾದ ಒಂದು ಬಗೆಯ ನೀರು, ತಯಾರಾಗುತ್ತಿತ್ತು. ಜರ್ಮನರಿಗೆ ಅದು ಅಣುಸಂಶೋಧನೆಗೆ ಬೇಕಿತ್ತು. 1942ರ ನವೆಂಬರಿನಲ್ಲಿ ಅದನ್ನು ಒಡೆಯಲು ಗ್ಲೈಡರುಗಳಲ್ಲಿ ನಡೆಸಿದ ಬ್ರಿಟಿಷ್ ಕಾರ್ಯಾಚರಣೆಯಲ್ಲಿ 41 ಜನ ಸತ್ತರು. ಕೆಲವರು ಬಿದ್ದು, ಉಳಿದವರು ಸೆರೆಸಿಕ್ಕು. 1943ರ ಫೆಬ್ರವರಿಯಲ್ಲಿ ನಾರ್ವೆಯವರದ್ದೇ ಒಂದು ಸಣ್ಣ ತಂಡ ಹಿಮದಲ್ಲಿ ಕಣಿವೆ ಇಳಿದು ಹತ್ತಿ, ಕಾರ್ಖಾನೆಯ ಆ ಭಾಗವನ್ನು ಸಿಡಿಸಿತು. ಆ ರಾತ್ರಿ ಒಬ್ಬರೂ ಸಾಯಲಿಲ್ಲ. ಓದುತ್ತ ನನಗೆ ಮೈ ಜುಮ್ಮೆಂದಿತ್ತು.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಜರ್ಮನರು ಕಾರ್ಖಾನೆ ರಿಪೇರಿ ಮಾಡಿದರು. ಆಮೇಲೆ ವಿಮಾನ ದಾಳಿಯ ಕಾಟ ತಾಳದೆ, ಉಳಿದ ಭಾರಜಲವನ್ನು ಜರ್ಮನಿಗೆ ಸಾಗಿಸಲು ಹೊರಟರು. ದಾರಿಯಲ್ಲಿ ಒಂದು ಸರೋವರ, ದಾಟಲು 'ಹೈಡ್ರೋ' ಎಂಬ ಫೆರಿ. ಊರಿನ ಜನರೂ ಅದೇ ಫೆರಿಯಲ್ಲಿ ಓಡಾಡುವವರು. ಹೋರಾಟಗಾರರು ಲಂಡನ್ನಿಗೆ ರೇಡಿಯೋದಲ್ಲಿ ಕೇಳಿದರು: ಇಷ್ಟು ಬೆಲೆ ತೆರಬೇಕೇ? ಹೌದು, ಇದು ಬಹಳ ಮುಖ್ಯ ಎಂಬ ಉತ್ತರ ಬಂತು. ಭಾನುವಾರ ಬೆಳಿಗ್ಗೆ ಜನ ಕಡಿಮೆ ಎಂದು ಆ ದಿನವನ್ನೇ ಆರಿಸಿದರು. ಹಿಂದಿನ ರಾತ್ರಿ ಫೆರಿಯ ಹೊಟ್ಟೆಯಲ್ಲಿ ಅಲಾರಾಂ ಗಡಿಯಾರ ಕಟ್ಟಿದ ಸ್ಫೋಟಕ ಇಟ್ಟರು. 1944ರ ಫೆಬ್ರವರಿ 20ರಂದು ಅದು ಸರೋವರದ ಆಳವಾದ ಜಾಗದಲ್ಲೇ ಮುಳುಗಿತು. 18 ಜನ ಸತ್ತರು. ಅವರಲ್ಲಿ 14 ಜನ ನಾರ್ವೆಯವರೇ. ಯುದ್ಧ ಮುಗಿದ ಮೇಲೆ ತಿಳಿದದ್ದೇನೆಂದರೆ, ಜರ್ಮನರು ಅಣುಬಾಂಬಿನ ಹತ್ತಿರಕ್ಕೂ ಬಂದಿರಲಿಲ್ಲ.

ಈ ಕೊನೆಯ ಸಾಲನ್ನು ನಾನು ಭಾಷಣದಲ್ಲಿ ಹೇಳಲಿಲ್ಲ. 'ಪರ' ಚೀಟಿ ಅಲ್ವಾ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. "ಆವತ್ತು ಅವರಿಗೆ ಏನು ಗೊತ್ತಿತ್ತೋ ಅದರ ಮೇಲೆ ಅವರನ್ನು ಅಳೆಯಬೇಕು" ಎಂಬ ಮಾತನ್ನು ಮಾತ್ರ ಹೇಳಿದೆ. ಆ ಮಾತು ಈಗಲೂ ಸರಿ ಎಂದೇ ಅನಿಸುತ್ತದೆ. ಆದರೆ ಮುಚ್ಚಿಟ್ಟು ಹೇಳಿದ್ದು ಸರಿಯಲ್ಲ.

ಜಿಲ್ಲೆಯ ಉದಾಹರಣೆಗೆ ನಾನು ಹುಡುಕಬೇಕಾಗಿರಲಿಲ್ಲ. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದು, ಆಮೇಲೆ ಕರನಿರಾಕರಣೆ, ನೂರಾರು ಕುಟುಂಬದವರ ಜಮೀನು ಜಪ್ತಿ, ಹರಾಜು. 1942ರಲ್ಲಿ ತಂತಿ ಕತ್ತರಿಸಿದ್ದು, ಕಟ್ಟಿಗೆ ಡಿಪೋಗಳಿಗೆ ಬೆಂಕಿ ಬಿದ್ದದ್ದು. ಇವನ್ನೆಲ್ಲ ನಮ್ಮ ಜಗಲಿಯಲ್ಲೇ ಕೇಳಿ ಬೆಳೆದವನು ನಾನು. ನನ್ನ ಅಜ್ಜ ಹಿಂಡಲಗಾದಲ್ಲಿ 14 ತಿಂಗಳು ಇದ್ದು ಬಂದವರು. ಭಾಷಣದ ಕೊನೆಗೆ ಅಜ್ಜನನ್ನು ತಂದೆ. ದನಿ ಸ್ವಲ್ಪ ನಡುಗಿಸಿದೆ. ಚಪ್ಪಾಳೆ ಬಿತ್ತು.

ಶಿರಸಿಯ ಹುಡುಗಿ ನನಗಿಂತ ಚೆನ್ನಾಗಿ ಮಾತಾಡಿದಳು. ಅವಳು ಹೇಳಿದ್ದು ಚೆಕೊಸ್ಲೊವಾಕಿಯಾದ ಲಿಡಿತ್ಸೆ ಎಂಬ ಹಳ್ಳಿಯ ಬಗ್ಗೆ. 1942ರ ಮೇ 27ರಂದು ಪ್ರಾಗ್ ನಗರದಲ್ಲಿ ಇಬ್ಬರು ಯುವಕರು, ಗಾಬ್ಚಿಕ್ ಮತ್ತು ಕುಬಿಷ್, ನಾಜಿ ಅಧಿಕಾರಿ ಹೈಡ್ರಿಕ್‌ನ ಕಾರಿನ ಮೇಲೆ ದಾಳಿ ಮಾಡಿದರು. ಜೂನ್ 4ಕ್ಕೆ ಅವನು ಸತ್ತ. ಜೂನ್ 10ಕ್ಕೆ ಲಿಡಿತ್ಸೆಯ 173 ಗಂಡಸರನ್ನು ಒಂದು ತೋಟದ ಗೋಡೆಯ ಹತ್ತಿರ ನಿಲ್ಲಿಸಿ ಗುಂಡಿಟ್ಟರು. ಹೆಂಗಸರನ್ನು ಶಿಬಿರಕ್ಕೆ ಅಟ್ಟಿದರು. ಮಕ್ಕಳಲ್ಲಿ ಹೆಚ್ಚಿನವರನ್ನು ವಿಷಾನಿಲಕ್ಕೆ ಕೊಟ್ಟರು. ಆ ಹಳ್ಳಿಗೂ ದಾಳಿಗೂ ಸಂಬಂಧವೇ ಇರಲಿಲ್ಲ. "ಬಾಂಬು ಎಸೆದವರು ತಮ್ಮ ಪ್ರಾಣ ಕೊಡಲು ತಯಾರಾಗಿ ಬಂದಿದ್ದರು. ಲಿಡಿತ್ಸೆಯವರು ಯಾವುದಕ್ಕೆ ತಯಾರಾಗಿದ್ದರು?" ಎಂದು ಕೇಳಿದಳು.

ನಾನು ಎದ್ದು, ಆ ದಾಳಿಯಿಂದಾಗಿಯೇ ಬ್ರಿಟನ್ ಆ ಆಗಸ್ಟಿನಲ್ಲಿ, ಚೆಕೊಸ್ಲೊವಾಕಿಯಾದ ಒಂದು ಭಾಗವನ್ನು ಹಿಟ್ಲರನಿಗೆ ಬಿಟ್ಟುಕೊಟ್ಟ 1938ರ ಮ್ಯೂನಿಕ್ ಒಪ್ಪಂದದಿಂದ ಹಿಂದೆ ಸರಿಯಿತು, ದೇಶಕ್ಕೆ ದೇಶವೇ ಮತ್ತೆ ನಕ್ಷೆಯಲ್ಲಿ ಬರುವ ದಾರಿಯಾಯಿತು ಎಂದೆ. 'ದಾಳಿಯಿಂದಾಗಿಯೇ' ಎಂದದ್ದು ಸ್ವಲ್ಪ ಜಾಸ್ತಿಯಾಯಿತು. ಅವಳು ಬಿಡಲಿಲ್ಲ. "ನಕ್ಷೆಯಲ್ಲಿ ದೇಶ ಬಂತು. ಲಿಡಿತ್ಸೆ ಹೋಯ್ತಲ್ಲ" ಎಂದಳು. ತನ್ನ ಜಿಲ್ಲೆಯ ಉದಾಹರಣೆಯಾಗಿ ಸಿದ್ದಾಪುರದ ಹೆಂಗಸರನ್ನು ತಂದಳು. ಹರಾಜಾದ ಜಮೀನು ಹಿಡಿದವರ ಮನೆ ಮುಂದೆ ಉಪವಾಸ ಕೂತವರು ಅವರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. "ಅವರು ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಖರ್ಚಿನ ಕಡೆಯೂ ಬರೆದು ಲೆಕ್ಕ ಕೊಡಿ ಅಂತ ಹೇಳ್ತಿದ್ದೇನೆ" ಎಂದು ಕೂತಳು.

ಅವಳಿಗೆ ಎರಡನೇ ಬಹುಮಾನ, ನನಗೆ ಮೊದಲನೆಯದು. ತೀರ್ಪುಗಾರರು ಮೂವರು. ಸರ್ ಅವರಲ್ಲಿ ಇರಲಿಲ್ಲ. ನನ್ನ ಗಂಟಲು ದೊಡ್ಡದಿತ್ತು, ಮಳೆಯಲ್ಲಿ ಮೈಕು ಕೈಕೊಟ್ಟಿತ್ತು. ಇಷ್ಟೇ ಕಾರಣ ಎಂದು ನನ್ನ ನಂಬಿಕೆ.

ಬಹುಮಾನ ಒಂದು ಸ್ಟೀಲು ತಟ್ಟೆ, ಅಂಚಿನಲ್ಲಿ ಕಾಲೇಜಿನ ಹೆಸರು ಕೊರೆದದ್ದು. ಸಂಜೆ ಮನೆಗೆ ಒಯ್ದು ಅಜ್ಜಿಯ ಕೈಗೆ ಕೊಟ್ಟೆ. ಅಜ್ಜ ತೀರಿ ಆಗಲೇ 13 ವರ್ಷ. ಗೋಡೆಯ ಮೇಲೆ ಅವರ ತಾಮ್ರಪತ್ರ ಇತ್ತು, ಅದರ ಹಿಂದೆ ಹಲ್ಲಿಯ ಸಂಸಾರ. ಅಜ್ಜಿ ತಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿ, "ದಪ್ಪ ಇದ್ದು" ಎಂದಳು. ಏನು ಮಾತಾಡಿದೆ ಹೇಳು ಎಂದಳು. ನಾನು ಫೆರಿಯ ಕತೆ ಹೇಳಿದೆ.

ಅಜ್ಜಿಗೆ ನಾರ್ವೆ ಗೊತ್ತಿರಲಿಲ್ಲ. ಫೆರಿ ಚೆನ್ನಾಗಿ ಗೊತ್ತಿತ್ತು. ಅವಳ ತವರು ಗಂಗಾವಳಿ ಹೊಳೆಯ ಆಚೆ. ಬದುಕಿನ ಅರ್ಧ ತರಿದೋಣಿಯಲ್ಲೇ ದಾಟಿದವಳು. ದೋಣಿಯಲ್ಲಿ ಯಾರು ಕೂರುತ್ತಾರೆ ಎಂದು ಅವಳಿಗೆ ನೋಡದೆಯೂ ಗೊತ್ತು. ಮೀನಿನ ಬುಟ್ಟಿಯವರು, ಹೆರಿಗೆಗೆ ತವರಿಗೆ ಹೊರಟವಳು, ಕೋಳಿ ಹಿಡಿದುಕೊಂಡ ಮುದುಕ.

"ಭಾನುವಾರ ಜನ ಕಮ್ಮಿ ಅಂತ ನೋಡ್ದ್ರಾ?"

"ಹೌದಜ್ಜಿ."

"ಒಳ್ಳೇದು ಮಾಡ್ದ್ರು." ಸ್ವಲ್ಪ ಹೊತ್ತು ಬಿಟ್ಟು, "ದೋಣಿ ನಡೆಸೋನಿಗೆ ಹೇಳಿದ್ರನಾ?"

"ಇಲ್ಲ. ಹೇಳಿದ್ರೆ ಗುಟ್ಟು ಬಯಲಾಗ್ತಿತ್ತು."

"ಅದೂ ಹೌದು" ಎಂದಳು. ಆಮೇಲೆ ಆ ಬಗ್ಗೆ ಏನೂ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ, ನಾನು ಯಾವತ್ತೂ ಕೇಳದ ಕತೆ ಹೇಳಿದಳು.

ಕರಬಂದಿ ಕಾಲಕ್ಕೆ ಅವಳು ಹೊಸ ಸೊಸೆ. ಜಮೀನಿನ ಜೊತೆ ಮನೆಯ ಪಾತ್ರೆಯನ್ನೂ ಜಪ್ತಿಯವರು ಹೊತ್ತರು. 1937ರ ನಂತರ ಮುಂಬೈಯಲ್ಲಿ ಕಾಂಗ್ರೆಸ್ ಸರಕಾರ ಬಂದು ಜಮೀನು ಹಿಂದಿರುಗಿತು. ಸ್ನಾನದ ತಾಮ್ರದ ಹಂಡೆ ಬರಲಿಲ್ಲ. ಅದು ಅವಳ ತವರಿನದು. 60 ವರ್ಷದ ಮೇಲೂ ಆ ಹಂಡೆಯ ಅಳತೆಯನ್ನು ಕೈಯಲ್ಲೇ ತೋರಿಸಿದಳು.

1942ರಲ್ಲಿ ಅಜ್ಜ ಮನೆ ಬಿಟ್ಟದ್ದು ಶ್ರಾವಣದಲ್ಲಿ, ನಟ್ಟಿ ಮುಗಿದ ಮೇಲೆ. ತಂತಿ ಕತ್ತರಿಸುವ ಇಕ್ಕಳವನ್ನು ಅಕ್ಕಿ ಮುಡಿಯೊಳಗೆ ಬಚ್ಚಿಟ್ಟು ಕೊಡುತ್ತಿದ್ದವಳು ಅಜ್ಜಿಯೇ. ಈ ವಿಷಯ ನಮ್ಮ ಜಗಲಿಯ ಕತೆಗಳಲ್ಲಿ ಇರಲೇ ಇಲ್ಲ. ಕೊಯ್ಲಿಗೆ ಮೊದಲು ಅಜ್ಜ ಸಿಕ್ಕಿಬಿದ್ದರು. ಅವಳ ಹತ್ತಿರ ಮೂರು ಮಕ್ಕಳು, ದೊಡ್ಡವನು ನನ್ನ ಅಪ್ಪ, ಆಗ ಏಳು ವರ್ಷ. ಬರ್ಮಾ ಜಪಾನಿಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಕರಾವಳಿಯಲ್ಲಿ ಅಕ್ಕಿಗೆ ಹಾಹಾಕಾರ. ಜೈಲಿಗೆ ಹೋದವನ ಹೆಂಡತಿಯ ಗದ್ದೆಗೆ ಕೊಯ್ಲಿಗೆ ಬರಲು ಆಳುಗಳಿಗೂ ಹೆದರಿಕೆ. ಹಾಗೂ ಹೀಗೂ ಕೊಯ್ದಳು. ಆ ಚಳಿಗಾಲ ಕಿರಿಯವಳಿಗೆ, ಎರಡು ವರ್ಷದವಳಿಗೆ, ಮಲೇರಿಯಾ ಬಂತು. ಕ್ವಿನೈನ್ ಸಿಗಲಿಲ್ಲ. ಮಗು ಹೋಯಿತು.

ಆಮೇಲೆ ನಾನು ಓದಿ ತಿಳಿದದ್ದು ಇದು. ಜಗತ್ತಿನ ಕ್ವಿನೈನ್‌ನ ಬಹುಪಾಲು ಜಾವಾದಿಂದ ಬರುತ್ತಿತ್ತು. 1942ರ ಮಾರ್ಚಿನಲ್ಲಿ ಜಪಾನ್ ಜಾವಾವನ್ನು ಹಿಡಿಯಿತು. ಮತ್ತೊಂದು ಸಂಗತಿ: ದೇಶದಲ್ಲಿ ಡಿ.ಡಿ.ಟಿ. ಹೊಡೆದು ಮಲೇರಿಯಾ ಇಳಿಸುವ ಕೆಲಸ ಮೊದಮೊದಲು ಶುರುವಾದ ಕಡೆಗಳಲ್ಲಿ ನಮ್ಮ ಜಿಲ್ಲೆಯೂ ಒಂದು, ಅದು 1946ರಲ್ಲಿ. ಯುದ್ಧದ ಕಾಲಕ್ಕೇ ಬಳಕೆಗೆ ಬಂದ ಪುಡಿ ಅದು. ಕ್ವಿನೈನ್ ಕಿತ್ತುಕೊಂಡ ಯುದ್ಧವೇ ನಾಲ್ಕು ವರ್ಷ ತಡವಾಗಿ ಡಿ.ಡಿ.ಟಿ. ಕೊಟ್ಟಿತು.

ಹಾಗಾದರೆ ಆ ಮಗುವನ್ನು ಯಾರ ಲೆಕ್ಕಕ್ಕೆ ಬರೆಯುವುದು? ಅಜ್ಜ ಮನೆಯಲ್ಲಿದ್ದರೆ ಕುಮಟೆಗೋ ಹುಬ್ಬಳ್ಳಿಗೋ ಓಡಿ ಔಷಧಿ ತರುತ್ತಿದ್ದರೇ? ಅಥವಾ ಅಲ್ಲೂ ಸಿಗುತ್ತಿರಲಿಲ್ಲವೇ? ಅಜ್ಜಿ ಇದನ್ನು 50 ವರ್ಷ ಯೋಚಿಸಿದ್ದಳು ಎಂದು ಕಾಣುತ್ತದೆ. ಅಜ್ಜನನ್ನು ಅವಳು ಬೈಯಲಿಲ್ಲ. ಹೊಗಳಲೂ ಇಲ್ಲ. "ಅವ್ರು ಬಂದ ಮೇಲೆ ಒಂದು ವರ್ಷ ನಾನು ಮಾತಾಡ್ಲಿಲ್ಲ. ಅವ್ರೂ ಕೇಳ್ಲಿಲ್ಲ" ಎಂದಳು ಅಷ್ಟೇ.

1972ರಲ್ಲಿ ಪಿಂಚಣಿ ಬಂದಾಗಿನ ಮಾತನ್ನೂ ಹೇಳಿದಳು. ಕನಿಷ್ಠ ಆರು ತಿಂಗಳು ಜೈಲಿನಲ್ಲಿದ್ದ ದಾಖಲೆ ಬೇಕು ಎಂದರಂತೆ. ಅಜ್ಜನ ಹತ್ತಿರ ಇತ್ತು. "ಹೊರಗಿದ್ದೋರಿಗೆ ಎಷ್ಟು ತಿಂಗ್ಳು ಬೇಕು ಅಂತ ಕೇಳಿದ್ರನಾ ಅಂದೆ. ಅಜ್ಜ ನಗ್ಲಿಲ್ಲ."

ಮರುದಿನ ಕಾಲೇಜಿಗೆ ಹೋಗಿ ಮೊದಲು ಶಿರಸಿಯ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಅಣುಬಾಂಬಿನ ಸಾಲನ್ನು ನುಂಗಿದ್ದನ್ನೂ. "ಗೊತ್ತಿತ್ತು" ಎಂದಳು. ಅದೇ ಪುಸ್ತಕವನ್ನು ನನಗಿಂತ ಮೊದಲು ಅವಳು ಓದಿದ್ದಳಂತೆ! ಮತ್ತೆ ಯಾಕೆ ಎದ್ದು ಹೇಳಲಿಲ್ಲ ಎಂದೆ. "ನಿನ್ನ ಅಜ್ಜನ ಹೆಸರು ಬಂತಲ್ಲ, ಸುಮ್ನಾದೆ" ಎಂದಳು. ಇಷ್ಟು ವರ್ಷದ ಮೇಲೂ ಆ ಮಾತು ನನಗೆ ಚುಚ್ಚುತ್ತದೆ. ನಾನು ಅಜ್ಜನನ್ನು ಭಾಷಣಕ್ಕೆ ತಂದದ್ದೇ ಎದುರಿನವರ ಬಾಯಿ ಮುಚ್ಚಲಿ ಎಂದು.

ಸರ್‌ಗೂ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮುಂದಿನ ವರ್ಷ ಆಗಸ್ಟ್ 15ಕ್ಕೆ ಭಾಷಣಕ್ಕೆ ಯಾರನ್ನು ಕರೆಯುವುದು ಎಂಬ ಪ್ರಶ್ನೆ ಬಂದಾಗ ನನ್ನ ಅಜ್ಜಿಯನ್ನು ಕರೆಸಿದರು.

ಅಜ್ಜಿ ಮೊದಲ ಬಸ್ಸಿಗೇ ಹೊರಟಳು, ಕೆಂಪು ಅಂಚಿನ ಸೀರೆ ಉಟ್ಟು. ಬಿಣಗಾ ದಾಟುವಾಗ ಸಮುದ್ರದ ಕಡೆ ತೋರಿಸಿ, "ಅದೇ ಅಂಜುದೀವ ಅಲ್ವನಾ" ಎಂದಳು. 1961ರ ಡಿಸೆಂಬರಿನಲ್ಲಿ ಆ ನಡುಗಡ್ಡೆಯನ್ನು ಪೋರ್ತುಗೀಜರಿಂದ ಬಿಡಿಸುವಾಗ ನಮ್ಮ ನೌಕಾಪಡೆಯ ಏಳು ಜನ ಸತ್ತಿದ್ದರು ಎಂದೆ. "ಅವರ ಮನೆ ಎಲ್ಲಾಯ್ತೋ" ಎಂದಳು. ಅಲ್ಲಿಂದ ಕಾರವಾರ ಬಸ್‌ಸ್ಟ್ಯಾಂಡಿನವರೆಗೆ ಮಾತಿಲ್ಲ.

ವೇದಿಕೆಯಲ್ಲಿ ಅವಳು ಐದು ನಿಮಿಷವೂ ಮಾತಾಡಲಿಲ್ಲ. ಮೈಕಿನ ಮುಂದೆ ನಿಂತು, ಎಲ್ಲರ ಊಟ ಆಯ್ತಾ ಎಂದು ಕೇಳಿದಳು. ಬೆಳಿಗ್ಗೆ ಒಂಬತ್ತು ಗಂಟೆ. ಅಕ್ಕಿ ಮುಡಿಯ ವಿಷಯ ಹೇಳಿದಳು, ಹಂಡೆಯದ್ದು ಹೇಳಿದಳು, ಮಗುವಿನದ್ದು ಒಂದೇ ಸಾಲಿನಲ್ಲಿ ಹೇಳಿದಳು. ಸಭೆಯಲ್ಲಿ ಛತ್ರಿಯಿಂದ ನೀರು ತೊಟ್ಟಿಕ್ಕುವುದೂ ಕೇಳಿಸುತ್ತಿತ್ತು. ಕೊನೆಗೆ ಸರ್, ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳಿ ಎಂದರು.

ಹಿಂದಿನ ಸಾಲಿನಲ್ಲಿ ಪಿ.ಯು. ಹುಡುಗನೊಬ್ಬ ಎದ್ದ. ಒಳ್ಳೆಯ ಹುಡುಗ, ಒಳ್ಳೆಯ ಪ್ರಶ್ನೆ. "ಅಜ್ಜಿ, ಮತ್ತೊಂದು ಸಲ ಹಂಗೇ ಕರೆ ಬಂದ್ರೆ, ನೀವು ಅಜ್ಜನನ್ನು ಕಳಿಸ್ತೀರಾ?"

ಅಜ್ಜಿ ಅವನನ್ನೇ ನೋಡಿದಳು.

"ಯಾವ ತಿಂಗಳಲ್ಲಿ ತಮಾ?"

ಇಡೀ ಸಭೆ ಗೊಳ್ಳೆಂದು ನಕ್ಕಿತು. ಸರ್ ನಗಲಿಲ್ಲ. ಶಿರಸಿಯ ಹುಡುಗಿಯೂ ನಗಲಿಲ್ಲ. ಅಜ್ಜಿ ನಗೆ ನಿಲ್ಲುವವರೆಗೆ ಮೈಕು ಹಿಡಿದು ನಿಂತೇ ಇದ್ದಳು, ಆ ಹುಡುಗ ಉತ್ತರ ಕೊಡಲಿ ಎಂದು.