ಉದುರಿದ ಮಣಿಯ ಜಾಗ

ಈ ಸಲ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಜನರನ್ನು ಸಾಲಾಗಿ ನಿಲ್ಲಿಸಿದವನು ನಾನೇ. ಹೊರಗಿನಿಂದ ಮೂವರು ಗುರುಗಳು ಬಂದಿದ್ದರು. ಯಾರ ಕುರ್ಚಿ ಎಲ್ಲಿ, ವಯಸ್ಸಾದವರು ಯಾವ ಬಾಗಿಲಿಂದ, ಮಕ್ಕಳು ಎಷ್ಟು ಹೊತ್ತಿಗೆ, ಎಲ್ಲ ಬರೆದು ಗೋಡೆಗೆ ಅಂಟಿಸಿದ್ದೆ. ಎರಡು ಗಂಟೆ ಸಾಲು ಸರಾಗವಾಗಿ ಸಾಗಿತು. ಕೊನೆಯವರು ಎದ್ದು ಹೋದ ಮೇಲೆ ಕುರ್ಚಿ ಮಡಚಿಟ್ಟು, ದೀಪ ಆರಿಸಿ ಮನೆಗೆ ಬಂದೆ. ಆ ಸಾಲಿನಲ್ಲಿ ನಾನು ನಿಂತೇ ಇರಲಿಲ್ಲ ಎಂಬುದು ಹೊಳೆದದ್ದು ಪಾಸ್ಖ ಜಾಗರಣೆಯ ರಾತ್ರಿ, ಈಸ್ಟರ್‌ನ ಹಿಂದಿನ ರಾತ್ರಿ.

ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸುವ ಹೊತ್ತು. ಎಲ್ಲರ ಕೈಯಲ್ಲೂ ಉರಿಯುವ ಮೇಣದಬತ್ತಿ. ಸೈತಾನನನ್ನು ತ್ಯಜಿಸುತ್ತೀರಾ ಎಂದು ಗುರುಗಳು ಕೇಳಿದರು. "ತ್ಯಜಿಸುತ್ತೇನೆ" ಅಂತ ಬಾಯಿ ಹೇಳುತ್ತಿತ್ತು, ಬಲಗೈ ಮೈಕಿನ ಹುಡುಗನಿಗೆ ಸದ್ದು ತಗ್ಗಿಸೋ ಅಂತ ಸನ್ನೆ ಮಾಡುತ್ತಿತ್ತು. ಎಡಗೈಯ ಬತ್ತಿ ವಾಲಿ ಬಿಸಿ ಮೇಣ ಹೆಬ್ಬೆರಳ ಮೇಲೆ ಬಿತ್ತು. ಚುರ್ ಎಂದದ್ದು ಎಲ್ಲಿಗೋ ಹೋಗಿ ಮುಟ್ಟಿತು. ಹೋದ ವರ್ಷವೂ ಸಾಲು ನಿಲ್ಲಿಸಿದ್ದೆ, ಹೋದ ವರ್ಷವೂ ನಿಂತಿರಲಿಲ್ಲ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ಕಟ್ಟಳೆ 1215ರ ಲ್ಯಾಟರನ್ ಮಹಾಸಭೆಯಷ್ಟು ಹಳೆಯದು ಅಂತ ಧರ್ಮೋಪದೇಶದ ಮಕ್ಕಳಿಗೆ ಪಾಠ ಹೇಳಿದವನೂ ನಾನೇ.

ಹೆಬ್ಬೆರಳು ಉರಿಯುತ್ತಿರುವಾಗ ನೆನಪಾದದ್ದು ಅಜ್ಜಿ.

ಜಪಸರದಲ್ಲಿ ಐದು ರಹಸ್ಯ, ಒಂದೊಂದಕ್ಕೂ ಹತ್ತು ಮಣಿ, ಮಣಿಗೊಂದು 'ನಮೋ ಮರಿಯಾ' ಪ್ರಾರ್ಥನೆ. ಅಜ್ಜಿಯ ಸರದಲ್ಲಿ ಮೂರನೇ ರಹಸ್ಯದ ಒಂದು ಮಣಿ ಇರಲಿಲ್ಲ. ನಾನು ಹುಟ್ಟುವ ಮೊದಲೇ ಎಲ್ಲೋ ಉದುರಿತ್ತು. ಆ ಜಾಗದಲ್ಲಿ ಬರಿ ತಂತಿ. ಅಲ್ಲಿಗೆ ಬಂದಾಗ ಅಜ್ಜಿಯ ಬೆರಳು ಮಣಿ ಹಿಡಿದ ಹಾಗೆಯೇ ತಂತಿಯನ್ನು ಹಿಡಿಯುತ್ತಿತ್ತು. ಅದಕ್ಕೂ ಒಂದು ಪೂರ್ತಿ 'ನಮೋ ಮರಿಯಾ'. ಅವಸರ ಮಾಡುತ್ತಿರಲಿಲ್ಲ, ಅಲ್ಲಿ ಇನ್ನೂ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿದ್ದಳು ಅಂತ ನನ್ನ ಅನುಮಾನ. ಸರ ನನ್ನ ಕೈಗೆ ಬಂದ ದಿನ ನಾನು ಒಂಬತ್ತಕ್ಕೇ ಮುಗಿಸಿ ಮುಂದೆ ಹಾರಿದರೆ, ಕಣ್ಣು ಮುಚ್ಚಿಕೊಂಡೇ ಹಿಡಿಯುತ್ತಿದ್ದಳು. "ಉದುರಿದ್ದು ಮಣಿ ಕಣೋ ಮಗ, ನಮೋ ಮರಿಯಾ ಉದುರಿಲ್ಲ."

ಅಜ್ಜಿಗೆ ಓದು ಬರುತ್ತಿರಲಿಲ್ಲ. ಯಾವ ಸಮಿತಿಯಲ್ಲೂ ಅವಳ ಹೆಸರಿರಲಿಲ್ಲ. ಜಪದ ಹೊತ್ತಿಗೆ ಯಾರಾದರೂ ಬಂದರೆ ಅಂಗೈ ಎತ್ತಿ 'ಕೂತ್ಕೊಳ್ಳಿ' ಎಂಬ ಸನ್ನೆ, ಅಷ್ಟೇ. ಒಮ್ಮೆ ಧರ್ಮಗುರುಗಳೇ ಬಂದರು. ಅವರಿಗೂ ಅದೇ ಅಂಗೈ. ಅವರು ನಕ್ಕು, ಮೊಣಕಾಲೂರಿ, ಉಳಿದ ಎರಡು ರಹಸ್ಯಗಳಿಗೆ ದನಿಗೂಡಿಸಿದರು.

ಈಗಿನ ನಮ್ಮ ಅಂಗೈ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಗಾಯನ ವೃಂದ, ಯುವಕರ ಕೂಟ, ಹಬ್ಬದ ಲೆಕ್ಕ, ಒಂಬತ್ತು ದಿನದ ನವೇನದ ಹೂವು, ಎಲ್ಲವೂ ದೇವರದ್ದೇ ಕೆಲಸ, ಇಲ್ಲ ಅನ್ನುವುದು ಹೇಗೆ? ಮೋಸ ಇರುವುದೂ ಅಲ್ಲೇ. ಪಾಪದ ಕೆಲಸ ನನ್ನನ್ನು ಪ್ರಾರ್ಥನೆಯಿಂದ ಎಳೆದಿದ್ದರೆ ಎಂದೋ ಗೊತ್ತಾಗುತ್ತಿತ್ತು. ಬಲಿಪೂಜೆಗೆ ಮುಂಚಿನ ಮೌನ ಈಗ ಯಾರಿಗೂ ಬೇಡವಾಗಿದೆ. ಪೀಠದ ಅಲಂಕಾರದ ಫೋಟೊ ತೆಗೆಯುವವರ ನಡುವೆ ಪ್ರಭುವೇ ಇರುವ ಪರಮಪ್ರಸಾದದ ಮುಂದೆ ಸುಮ್ಮನೆ ಕೂತವರು ಅಡ್ಡ ಬಂದವರ ಹಾಗೆ ಕಾಣುತ್ತಾರೆ. ದೂರುತ್ತಿದ್ದೇನೆ ನಿಜ, ಆ ಫೋಟೊಗಳಲ್ಲಿ ಅರ್ಧ ನನ್ನವೇ.

ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ ಇದಕ್ಕೊಂದು ಪ್ರಸಂಗವಿದೆ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಪ್ರಭು ಎಷ್ಟೋ ಜನರನ್ನು ಗುಣಪಡಿಸಿದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ಸಿಮೋನ ಹುಡುಕಿಕೊಂಡು ಹೋಗಿ, ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಅಂದ. ನನಗಾದರೆ ಆ ಒಂದು ಮಾತು ಸಾಕು, ಎದ್ದು ಓಡಿಬಿಡುತ್ತೇನೆ. ಪ್ರಭು ಆ ಗುಂಪಿನ ಕಡೆಗೆ ತಿರುಗದೆ, ಬೇರೆ ಊರುಗಳಿಗೆ ಹೋಗೋಣ ಅಂದರು.

ಪ್ರಭು ಮನೆಗೆ ಬಂದಾಗ ಸಹೋದರಿ ಅವರ ಮಾತು ಕೇಳುತ್ತ ಕೂತಿದ್ದರೆ, ಉಪಚಾರದಲ್ಲೇ ಮುಳುಗಿದ್ದ ಮಾರ್ಥಳನ್ನು ಇಲ್ಲಿ ಬೈಯಲು ನನಗೆ ಮನಸ್ಸಿಲ್ಲ. ಪಾಪ, ಎಲ್ಲ ಪ್ರಬೋಧನೆಯಲ್ಲೂ ಅವಳಿಗೇ ಏಟು. ಸಹೋದರ ಲಾಜರನು ಸತ್ತಾಗ ಪ್ರಭುವನ್ನು ಎದುರುಗೊಳ್ಳಲು ಹೋದವಳು, ನೀವೇ ದೇವಪುತ್ರ ಎಂದು ಬಾಯಿಬಿಟ್ಟು ಹೇಳಿದವಳು ಅವಳೇ. ದುಡಿಯುವವರಿಗೆ ಆ ಮಾತು ಬಾರದೆಂದೇನೂ ಇಲ್ಲ.

ದುಡಿಮೆಯಲ್ಲಿ ಸಂತ ಚಾರ್ಲ್ಸ್ ಬೊರೊಮಿಯೊ ಅವರನ್ನು ಮೀರಿಸುವವರು ಯಾರು? 1576ರ ಪ್ಲೇಗಿನಲ್ಲಿ ಮಿಲಾನ್ ಬಿಟ್ಟು ಕದಲದೆ ರೋಗಿಗಳ ನಡುವೆ ಓಡಾಡಿದ ಮಹಾಧರ್ಮಾಧ್ಯಕ್ಷರು. 46ನೇ ವಯಸ್ಸಿಗೇ ತೀರಿಕೊಂಡರು. ಅಂಥವರು ತಮ್ಮ ಗುರುಗಳಿಗೆ ಹೇಳಿದ್ದು, ನಿಮ್ಮ ಆತ್ಮವೂ ನಿಮಗೊಪ್ಪಿಸಿದ ಧರ್ಮಕೇಂದ್ರವೇ, ಅದನ್ನು ಮರೆಯಬೇಡಿ, ನಿಮಗೇ ಏನೂ ಉಳಿಯದಷ್ಟು ಹಂಚಿಬಿಡಬೇಡಿ ಎಂದು. ಲಿಸಿಯೂವಿನ ಪುಟ್ಟ ತೆರೇಸಮ್ಮನದು ಇನ್ನೊಂದು ಬಗೆ. 15ನೇ ವಯಸ್ಸಿಗೆ ಕಾರ್ಮೆಲ್ ಮಠದ ಒಳಗೆ ಹೋಗಿ 1897ರಲ್ಲಿ, 24ಕ್ಕೆ, ಅಲ್ಲೇ ಕಣ್ಣು ಮುಚ್ಚಿದವಳು. ಕಡಲು ದಾಟಿ ಬಂದ ಫ್ರಾನ್ಸಿಸ್ ಕ್ಸೇವಿಯರ್ ಅವರ ಜೊತೆ ಧರ್ಮಪ್ರಸಾರದ ಪಾಲಕಿಯೆಂದು 1927ರಲ್ಲಿ ಧರ್ಮಸಭೆ ಸಾರಿದ್ದು ಅವಳನ್ನೇ.

ಹಬ್ಬ ಕಳೆದು ಒಂದು ಮಾಮೂಲಿ ಮಂಗಳವಾರ ಬೆಳಗ್ಗೆ ಹೋದೆ. ಸಾಲಿರಲಿಲ್ಲ, ಗೋಡೆಯ ಮೇಲೆ ನನ್ನದೇ ಕೈಬರಹದ ಹಳೆಯ ಚೀಟಿ ಇತ್ತು. ಹೇಳಬೇಕಾದದ್ದನ್ನು ಹೇಳಿದೆ. ಪ್ರಾಯಶ್ಚಿತ್ತವಾಗಿ ಗುರುಗಳು ಜಪಸರದ ಒಂದು ರಹಸ್ಯ ಕೊಟ್ಟರು. ದೊಡ್ಡದೇನಾದರೂ ಕೊಟ್ಟಾರೆಂದುಕೊಂಡಿದ್ದೆ.

ಅಜ್ಜಿಯ ಸರ ತೆಗೆದು ಮೂರನೆಯದನ್ನೇ ಆರಿಸಿಕೊಂಡೆ. ಹೆಬ್ಬೆರಳ ಕೆಂಪು ಕಲೆ ಇನ್ನೂ ಮಾಸಿರಲಿಲ್ಲ. ಬರಿ ತಂತಿಯ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಜೇಬಿನಲ್ಲಿ ಫೋನು ನಡುಗಿತು. ನಡುಗಿ ನಡುಗಿ ಸುಮ್ಮನಾಗುವವರೆಗೂ ತಂತಿಯನ್ನು ಹಿಡಿದೇ ಇದ್ದೆ. ಆಮೇಲೆ, ಅವಸರವಿಲ್ಲದೆ, ನಮೋ ಮರಿಯಾ ಅಂದೆ.